ಚರ್ಮದ ಡಾಕ್ಟರು ಅವ್ವನ ಬಾಯಿ ನೋಡಹೋಗಿದ್ದು

ಅವ್ವನ ಮೊಣಕೈಯ ಸೋರಿಯಾಸಿಸ್ ತೋರಿಸಲು ಸಿಂದಗಿಗೆ ಹೋದಾಗ ಚರ್ಮದ ಡಾಕ್ಟರು, "ಬಾಯಿ ತೆರೀರಿ" ಎಂದರು. ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನು, ಸುಮ್ಮನಿರುತ್ತೇನೆಯೇ? ಹಲ್ಲಿನ ಡಾಕ್ಟರಿಗೆ ಗಿರಾಕಿ ಕಳಿಸುವ ಆಟ ಎಂದುಕೊಂಡು, ಅವ್ವ ಬಾಯಿ ತೆರೆಯುವ ಮೊದಲೇ ಕೇಳಿದೆ:

"ತೊಗಲಿಗೂ ಹಲ್ಲಿಗೂ ಏನ್ರಿ ಸಂಬಂಧ?"

"ಈ ರೋಗ ಇದ್ದವರಿಗೆ ವಸಡಿನ ರೋಗಾನೂ ಜಾಸ್ತಿ. ಯಾಕಂತ ಪೂರಾ ಗೊತ್ತಿಲ್ಲ. ವಸಡಿನಾಗ ರಕ್ತ ಬರ್ತೈತೇನ್ರಿ, ಯವ್ವಾ?"

"ಇಲ್ರಿ ಯಪ್ಪಾ" ಎಂದಳು ಅವ್ವ. ನಾನು ಗೆದ್ದವನಂತೆ ಎದ್ದುಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದ ಅವ್ವ ಅವಸರದಿಂದ ಅದರ ಮೇಲೆ ಕಾಲಲ್ಲಿ ಮಣ್ಣೆಳೆದಳು. ಉಗುಳಿನಲ್ಲಿ ರಕ್ತವಿತ್ತು.

"ಯಾಕ ಸುಳ್ಳ ಹೇಳಿದಿ?"

"ಹಲ್ಲಿಗೆ ತಂಬಾಕ ತಿಕ್ಕೂದು ಡಾಕ್ಟರ ಬಿಡಸ್ತಾನಂತ. ಕಲ್ತಾಂವ ನೀನ ಅವನ್ನ ನಂಬಲಿಲ್ಲ, ನಾ ಹ್ಯಾಂಗ ನಂಬಲಿ?"

ಅವಳ ಕೈ ಹಿಡಿದುಕೊಂಡು ಮತ್ತೆ ದವಾಖಾನೆಯ ಕಡೆಗೆ ನಡೆದೆ.