ಬೂದಿ ಗೆರೆಯ ರಾಶಿ

ನಮ್ಮತ್ತೆಗೆ ಮನುಷ್ಯರಿಗಿಂತ ಬೂದಿಯ ಮೇಲೆ ನಂಬಿಕೆ ಜಾಸ್ತಿ. ರಾಗಿ ತೂರಿ ಕಣದಲ್ಲಿ ರಾಶಿ ಮಾಡಿದ ಕೂಡಲೇ ಒಲೆಯ ಬೂದಿ ತಂದು ಸುತ್ತ ಗೆರೆ ಎಳೆದು, ಮೇಲೆ ಅಂಗೈ ಗುರುತು ಒತ್ತುತ್ತಿದ್ದರು. ಯಾರಾದರೂ ಒಂದು ಬೊಗಸೆ ಎತ್ತಿದರೂ ಗುರುತು ಕೆಟ್ಟು ಗೊತ್ತಾಗಿಬಿಡುತ್ತದೆ. ನಮ್ಮ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು, ರಾಮಾಪುರದ ಸುತ್ತಮುತ್ತ ಎಲ್ಲರೂ ಹೀಗೆ ಮಾಡುತ್ತಿದ್ದರು ಅನ್ನಿ. ಆದರೆ ನಮ್ಮತ್ತೆ ಮಾಡುತ್ತಿದ್ದುದು ಪಕ್ಕದ ಹೊಲದವನ ಕಣ್ಣೆದುರಿಗೇ, ಅವನಿಗೆ ಕಾಣಲಿ ಅಂತಲೇ.

ನಾನು ಮದುವೆಯಾಗಿ ಬಂದ ವರ್ಷ ನಮ್ಮ ಜೋಡಿಯಲ್ಲಿ ಒಂದು ಎತ್ತು ಸತ್ತಿತ್ತು. ಪಕ್ಕದ ಹೊಲದವನ ಹತ್ತಿರ ಇದ್ದದ್ದೂ ಒಂದೇ. ಎರಡನ್ನೂ ಕೂಡಿಸಿದ್ದಕ್ಕೆ ಎರಡು ಮನೆಯ ಹೊಲವೂ ಹದ ಆರುವ ಮೊದಲೇ ಬಿತ್ತನೆಯಾಯಿತು. ಕಳೆಗೆ ಅವನ ಹೆಂಡತಿ, ನಾನು ಒಟ್ಟಿಗೆ ಕೂತೆವು. ಒಂದೇ ಕಣ ಸಾರಿಸಿ ಎರಡೂ ಮನೆಯ ರಾಗಿ ಒಕ್ಕಿದೆವು. ಒಂಟಿಯಾಗಿದ್ದಿದ್ದರೆ ನಮ್ಮ ಹೊಲದಲ್ಲಿ ಬರೀ ಗರಿಕೆ ಬೆಳೆಯುತ್ತಿತ್ತು. ಅತ್ತೆಗೂ ಇದು ಗೊತ್ತಿತ್ತು. ಗೊತ್ತಿದ್ದೂ, ಆತ ನಮ್ಮೆತ್ತಿಗೆ ಒಂದು ಹಿಡಿ ಹುಲ್ಲು ಹೆಚ್ಚು ಹಾಕಿದರೆ "ಯಾಕಂತೆ ಇಷ್ಟು ಉಪಚಾರ?" ಅಂತ ಗೊಣಗುತ್ತಿದ್ದರು. ಕೇಳಿ ಕೇಳಿ ನನಗೂ ಅದು ಅಂಟಿತು. ಆತ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ.

ಪೂಜೆ ಆಗದೆ ರಾಶಿ ಅಳೆಯುವಂತಿಲ್ಲ. ಎರಡು ಮನೆಯ ರಾಶಿಯೂ ಅಕ್ಕಪಕ್ಕ ಸಂಜೆಯ ಪೂಜೆಗೆ ಕಾದಿದ್ದವು. ಅಷ್ಟರಲ್ಲಿ ಅತ್ತೆಯ ಅಣ್ಣನಿಗೆ ಮೇಲುಸಿರು ಶುರುವಾಗಿದೆ ಅಂತ ರಾಮಾಪುರದಿಂದ ಸುದ್ದಿ ಬಂತು.

"ಓಗ್ಬನ್ನಿ ಅಕ್ಕ, ನಾವಿಲ್ವಾ?" ಅಂದ ಪಕ್ಕದ ಹೊಲದವನು.

ಯಜಮಾನರನ್ನೂ ಕರೆದುಕೊಂಡು ಹೊರಟೆವು. ದಾರಿಯುದ್ದಕ್ಕೂ ಅತ್ತೆಗೆ ಅದೇ ಮಾತು. "ನಾವಿಲ್ವಾ ಅಂದ ನೋಡವ್ವ! ನಮ್ಮನ್ನ ಕಳ್ಸಕೆ ಅದೆಷ್ಟು ಆತ್ರ ಅವ್ನಿಗೆ!"

ಹೋಗಿ ನೋಡಿದರೆ ಅಣ್ಣ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾರೆ! ಸಮಾಧಾನ ಪಡುವಷ್ಟರಲ್ಲಿ ಆಕಾಶ ಕಪ್ಪಾಯಿತು. ಸುಗ್ಗಿಯಲ್ಲಿ ಮಳೆ, ಹಾಳು ಮಳೆ! ವರ್ಷವಿಡೀ ತಿನ್ನಬೇಕಾದ ರಾಗಿ ಬಯಲಲ್ಲಿ ಬಿದ್ದಿದೆ. ಅತ್ತೆ, ನಾನು, ಯಜಮಾನರು ನೆನೆಯುತ್ತಲೇ ಓಡಿದೆವು.

ಕಣಕ್ಕೆ ಬಂದರೆ ಅವನ ರಾಶಿ ಇದೆ, ನಮ್ಮದಿಲ್ಲ. ಬೂದಿ ಗೆರೆ ನೀರಲ್ಲಿ ಕದಡಿ ಹರಿಯುತ್ತಿತ್ತು.

"ತಿಂದ್ಬುಟ್ಟ ಕಣವ್ವ! ಮನೆಹಾಳ!" ಅಂತ ಅತ್ತೆ ಎದೆ ಬಡಿದುಕೊಂಡರು. ನಾನೂ ಬಾಯಿಗೆ ಬಂದಂತೆ ಬೈದೆ. ಯಜಮಾನರು ನೆಟ್ಟಗೆ ಅವನ ಮನೆ ಕಡೆ ನಡೆದರು, ನಾವೂ ಹಿಂದೆ ಹೋದೆವು.

ಅವನ ನಡುಮನೆಯಲ್ಲಿ ನಮ್ಮ ರಾಗಿ ಗುಡ್ಡೆ ಬಿದ್ದಿತ್ತು, ಒಣಗಿದ್ದ ಹಾಗೇ. ಪಕ್ಕದಲ್ಲಿ ಅವನ ಹೆಂಡತಿ ಒದ್ದೆ ಸೀರೆಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದಳು. ತಮ್ಮ ರಾಶಿಗೆ ಒಂದಿಷ್ಟು ಹುಲ್ಲು ಮುಚ್ಚಿದ್ದರಂತೆ, ಅದು ಗಾಳಿಗೆ ಹಾರಿಹೋಗಿತ್ತು.

ಅತ್ತೆ ಗುಡ್ಡೆಯ ಹತ್ತಿರ ಕೂತು ಒಂದು ಹಿಡಿ ರಾಗಿ ಎತ್ತಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ದು ಯಾಕಪ್ಪ ಮೊದ್ಲು ತುಂಬ್ಕೊಳ್ನಿಲ್ಲ?"

ಆತ ತಲೆ ಒರೆಸಿಕೊಳ್ಳುತ್ತಾ ಹೇಳಿದ: "ನಮ್ದು ನೆಂದ್ರೆ ನಾವು ಅಳ್ತೀವಿ, ಅಷ್ಟೇಯ. ನಿಮ್ದು ಕೊಚ್ಕೊಂಡೋಗಿದ್ರೆ, ಕದ್ಬುಟ್ಟು ಮಳೆ ಮೇಲೆ ಆಕ್ದ ಅಂತಿದ್ರಿ ಕಣಕ್ಕ."

ಅವರ ರಾಗಿ ಮುಗ್ಗಿ ಮೊಳಕೆಯೊಡೆಯಿತು. ಅತ್ತೆ ನಮ್ಮ ರಾಗಿಗೆ ಅವರ ಮನೆಯಲ್ಲೇ ಪೂಜೆ ಮಾಡಿ, ಅಳೆದು ಎರಡು ಪಾಲು ಮಾಡಿದರು. ಆತ ಬೇಡವೆಂದ. ಹೆಂಡತಿ ಬೇಡವೆನ್ನಲಿಲ್ಲ, ಅಳೆಯುವ ಕೊಳಗವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಳೆದು ಮುಗಿದ ಮೇಲೆ ಎದ್ದುಹೋಗಿ ಒಲೆಯಿಂದ ಬೂದಿ ತಂದು, ತನ್ನ ಪಾಲಿನ ಸುತ್ತ ಗೆರೆ ಎಳೆದಳು. ನಮ್ಮ ಕಣ್ಣೆದುರಿಗೇ.

ಅತ್ತೆ ನೋಡುತ್ತಾ ನಿಂತರು. ಮರುವರ್ಷವೂ ಎರಡೆತ್ತು ಕೂಡಿಸಿಯೇ ಉತ್ತೆವು. ಕಣಕ್ಕೆ ನಮ್ಮ ಮನೆಯ ಬೂದಿ ಮಾತ್ರ ಹೋಗಲಿಲ್ಲ.