ನಿಪ್ಪಾಣಿಯಲ್ಲಿ ಹಾಡ್ಯಾಡಿ ಅತ್ತದ್ದು

ಶೇಡಬಾಳದಿಂದ ಬೆಳಗಿನ ಬಸ್ಸಿಗೆ ನಾನು, ಮೊಮ್ಮಗಳು ಭಾಗ್ಯ ನಿಪ್ಪಾಣಿಗೆ ಹೊರಟೆವು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ ಕಾರ್ಡ್ ತೋರಿಸಿದರೆ ಸಾಕು. ಕಂಡಕ್ಟರ್ ಕೇಳದಿದ್ದರೂ ಹೇಳಿದೆ: "ನನ್ನ ಮಗಾ ರ‍್ಯಾಪ್ ಹಾಡ್ತಾನ್ರಿ. ಕೇಳಾಕ ಹೊಂಟೀನಿ."

"ಎಷ್ಟ ವಯಸ್ಸರಿ ಅವಂಗ?"

"ನಲವತ್ತೆರಡರಿ."

"ಅಬ್ಬಬ್ಬಾ! ಇನ್ನ ಭಜನಿ ಹಾಡೂ ವಯಸ್ಸ ಬಂತಲ್ರಿ ಆಯಿ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟು ಹಿಗ್ಗಿನಲ್ಲಿದ್ದೆ.

ಮಗ ಶಿವಾನಂದ ಇಪ್ಪತ್ತು ವರ್ಷದಿಂದ ಹಾಡುವುದೆಲ್ಲ ತನ್ನ ಮೀಸೆ, ತನ್ನ ಮೋಟಾರ್ ಸೈಕಲ್, ತನ್ನ ತಾಕತ್ತು. ಅವನಪ್ಪ ತೀರಿಕೊಂಡಾಗ ಹೆಣದ ಮುಂದೆ ಗೋಡೆಯ ಹಾಗೆ ನಿಂತಿದ್ದ, ಒಂದು ಹನಿ ಬರಲಿಲ್ಲ. ಅಂದಿನಿಂದ ಅಪ್ಪನ ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಈಗ ಅಪ್ಪನ ಮೇಲೇ ಹಾಡು ಕಟ್ಟಿದ್ದಾನೆಂದು ಅವನ ಮಗಳು ಭಾಗ್ಯ ನನ್ನ ಕಿವಿಯಲ್ಲಿ ಹೇಳಿದ್ದಳು. ಅವನಿಗೆ ತಿಳಿಸದೆ ಬಂದಿದ್ದೆವು.

ಮಾಂಜರಿ ಸೇತುವೆಯ ಕೆಳಗೆ ಕೃಷ್ಣೆ ಕೆಂಪಗೆ ಹರಿಯುತ್ತಿದ್ದಳು. ಚಿಕ್ಕೋಡಿಯಲ್ಲಿ ಬಿಸಿ ಭಜಿ ತಿಂದು, ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ನಿಪ್ಪಾಣಿ ಮುಟ್ಟಿದೆವು. ಇಳಿಯುತ್ತಲೇ ತಂಬಾಕಿನ ಘಾಟು ಮೂಗಿಗೆ ಬಡಿಯಿತು.

ಮಂಗಲ ಕಾರ್ಯಾಲಯದ ತುಂಬ ಮೀಸೆ ಮೂಡದ ಹುಡುಗರು. ಗಡ್ಡಕ್ಕೆ ಕರಿ ಬಣ್ಣ ಹಚ್ಚಿ, ಟೋಪಿ ತಿರುವಿ ಹಾಕಿಕೊಂಡು ಮಗ ವೇದಿಕೆಗೆ ಬಂದ.

"ಕಾಕಾ, ಬಿ.ಪಿ. ಗುಳಗಿ ತಗೊಂಡೀ ಇಲ್ಲೊ?" ಎಂದು ಒಬ್ಬ ಕೂಗಿದ. ಮಗ ಲಕ್ಷ್ಯ ಕೊಡದೆ ಶುರು ಮಾಡಿದ:

"ನೀರ ಹಾಯಿಸಾಕ ಹೋದಾಂವ ತಿರಗಿ ಬರಲಿಲ್ಲ,
ಚಪ್ಪಲಿ ಬಾಗಲಾಗ ಅದಾವು, ಕಾಲ ಎಲ್ಲಿ, ಅಪ್ಪಾ?"

ದನಿ ನಡುಗಿತು. ಆ ದಡಬಡ ವಾದ್ಯ ತೆಗೆದರೆ, ನಮ್ಮ ಹೆಂಗಸರು ಹೆಣದ ಮುಂದೆ ಹಾಡ್ಯಾಡಿ ಅಳುವುದು ಹೀಗೆಯೇ. ಒಬ್ಬಾಕೆ ಎತ್ತಿದರೆ ಇನ್ನೊಬ್ಬಾಕೆ ದನಿ ಕೂಡಿಸಬೇಕು, ಒಂಟಿಯಾಗಿ ಅಳಗೊಡಬಾರದು. ಕಡೆಗೂ ಅತ್ತನಲ್ಲ ನನ್ನ ಮಗ ಎಂಬ ಸಂತೋಷಕ್ಕೆ ಸೆರಗನ್ನು ತಲೆಯ ಮೇಲೆಳೆದು ನಾನೂ ಎತ್ತಿಬಿಟ್ಟೆ: "ಹೊಲ ಹಸರಾಗೇತಿ, ನೋಡಾಕ ಬಾರೋ ನನ್ನ ರಾಜಾ..."

ಹುಡುಗರು ಬಿದ್ದುಬಿದ್ದು ನಕ್ಕರು, ಮೊಬೈಲ್ ಎತ್ತಿ ಹಿಡಿದರು. "ಕಾಕಾ, ಹೆಂಗಸರ ಹಾಡ ಕದ್ದಿಯೇನೋ!"

ಮಗ ನನ್ನನ್ನು ನೋಡಿದ. ಗುರುತು ಹಿಡಿದ, ಅದರಲ್ಲಿ ಸಂಶಯವಿಲ್ಲ. ಆಮೇಲೆ ಮೈಕಿನಲ್ಲಿ, "ಯಾವಾಕಿಲೇ ಈ ಮುದಕಿ? ಹೊರಗ ಕುಂದ್ರಸ್ರಿ ಅಕೀನ್ನ," ಎಂದು ನಕ್ಕ. ಅಪ್ಪನ ಹಾಡು ಎರಡೇ ಸಾಲಿಗೆ ಸತ್ತಿತು. ಮೀಸೆಯ ಹಾಡು ಶುರುವಾಯಿತು, ಹುಡುಗರು ಕುಣಿದರು.

ಸಂಜೆಯ ಬಸ್ಸಿಗೆ ಊರಿಗೆ ಹೊರಟೆವು. ಚಿಕ್ಕೋಡಿ ದಾಟಿದ ಮೇಲೆ ಭಾಗ್ಯ ನನ್ನ ತೋಳು ಹಿಡಿದಳು.

"ಆಯಿ, ಹಾಡ್ಯಾಡಿ ಅಳೂದ ನಂಗೂ ಕಲಸ್ತಿ?"

"ನಿಂಗ ಯಾರೂ ಕಲಸೂದ ಬ್ಯಾಡವಾ," ಎಂದೆ. "ಕಲೀಬೇಕಾದಾಂವ ಅಲ್ಲಿ ಕುಣ್ಯಾಕತ್ತಾನ."