ಬಿದ್ದವರ ತಲೆಯಡಿ ಹೊಸ ಜಾಕೆಟ್

ಮ್ಯೂನಿಕ್‌ನ ಬಿಯರ್ ಹಬ್ಬದ ಡೇರೆಯ ಹಿಂದೆ, ಹುಲ್ಲಿನ ಮೇಲೆ ಜರ್ಮನ್ ಹಿರಿಯರೊಬ್ಬರು ವಾಂತಿ ಮಾಡಿಕೊಂಡು ಬಿದ್ದಿದ್ದರು. ನನ್ನ ಜೊತೆ ಓದುವ, ನಮ್ಮೂರು ಕೆರೆಬಿಳಚಿಯವನೇ ಆದ ಮಂಜು ಓಡಿಹೋಗಿ ಮಂಡಿಯೂರಿದ. ತನ್ನ ಹೊಸ ಜಾಕೆಟ್ ಬಿಚ್ಚಿ ಅವರ ತಲೆಯಡಿಗಿಟ್ಟ, ಕರವಸ್ತ್ರದಿಂದ ಬಾಯಿ ಒರೆಸಿದ.

“ಪಾಪ ಕಣಲೇ, ಹಬ್ಬ ಅಂದಮ್ಯಾಲೆ ಒಂಚೂರು ಜಾಸ್ತಿ ಆಗತೈತೆ” ಎಂದ.

ನನಗೆ ಮೈ ಉರಿಯಿತು. ಊರಿನಲ್ಲಿ ಈ ಮಂಜುವಿನ ಮನೆಗೆ ಅಡಿಕೆ ಸುಲಿಯಲು ಹೋಗುವ ನನ್ನಪ್ಪ ಒಂದು ಯುಗಾದಿಯ ದಿನ ಕುಡಿದು ಅವರ ಗೇಟಿನ ಮುಂದೆ ಬಿದ್ದಿದ್ದಾಗ, ಇದೇ ಮಹಾನುಭಾವ ಬಕೆಟ್ಟಿನಲ್ಲಿ ನೀರು ತಂದು ಮುಖಕ್ಕೆ ಎರಚಿ, ವಿಡಿಯೊ ಮಾಡಿ ಊರಿಗೆಲ್ಲ ಹಂಚಿದ್ದ.

“ನಮ್ಮಪ್ಪ ಬಿದ್ದಾಗ್ಲೂ ಹಬ್ಬನೇ ಇತ್ತಲ್ಲಲೇ?” ಎಂದೆ.

“ಅದನ್ನ ಇದಕ್ಕೆ ಹೋಲಿಸ್ತೀಯಲ್ಲ! ಇದು ಇವರ ಸಂಸ್ಕೃತಿ” ಎಂದು ನನಗೇ ಬುದ್ಧಿ ಹೇಳಿದ.

ಸಂಸ್ಕೃತಿಯ ನಾತ ಹೊಡೆಯುತ್ತಿದ್ದ ಆ ಜಾಕೆಟ್ಟನ್ನು ಅವನು ಭಾನುವಾರ ನಾವು ಓದುವ ಊರಿಗೆ ವಾಪಸು ಬರುವ ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡಿದ್ದ. ನಾನು ಬೇರೆ ಬೋಗಿಗೆ ಎದ್ದುಹೋಗಿ ಅಪ್ಪನಿಗೆ ಫೋನ್ ಮಾಡಿದೆ. ಪ್ರತಿ ಸಲ ಮೊದಲು “ಇವತ್ತೂ ಕುಡಿದೀಯಾ?” ಎಂದು ಗದರುತ್ತಿದ್ದ ನಾನು, ಅವತ್ತು “ಊಟ ಆತೇನಪ್ಪ?” ಎಂದು ಕೇಳಿದೆ.